ಬಾಜೂಕ ಇರ್ತೀನಿ

“ಒಂಚೂರೂ ನೋವಾಗಂಗಿಲ್ಲ ಅಂತ ಯಾಕ ಹಾಕೀರಿ ಇದರಾಗ? ಹುಡುಗರಿಗೆ ಸುಳ್ಳು ಹೇಳಬಾರದ್ರಿ.”

ಗಂಗಾವತಿಯ ಮಕ್ಕಳ ಆಸ್ಪತ್ರೆಯ ನರ್ಸ್ ಅಮೃತಾ ದುರಗೇಶನಿಗೆ ಆಡಿದ ಮೊದಲ ಮಾತು ಇದು. ಆಪರೇಷನ್‌ಗೆ ಬರುವ ಮಕ್ಕಳಿಗಾಗಿ ಅವನು ಟ್ಯಾಬಿನಲ್ಲಿ ಒಂದು ಗೇಮ್ ಮಾಡಿ ತಂದಿದ್ದ. ಅದರಲ್ಲೊಂದು ಕುರಿಮರಿ. ಅದಕ್ಕೆ ಹಸಿರು ಅಂಗಿ ತೊಡಿಸಿ, ಮೂಗಿಗೆ ಮಾಸ್ಕ್ ಇಟ್ಟು ಮಲಗಿಸುತ್ತ ಮಕ್ಕಳು ತಮ್ಮ ಅಂಜಿಕೆ ಮರೆಯಬೇಕು.

“ಮತ್ತ ಏನಂತ ಹಾಕಲ್ರಿ?”

“ಸ್ವಲ್ಪ ನೋವಾಗತೈತಿ, ಆಮ್ಯಾಲ ಕಡಿಮಿ ಆಗತೈತಿ ಅಂತ ಹಾಕ್ರಿ.”

ಹುಬ್ಬು ಗಂಟಿಕ್ಕಿದ್ದಳು, ಆದರೆ ತುಟಿಯಂಚಿನಲ್ಲಿ ನಗೆ ಇತ್ತು. ದುರಗೇಶ ಅಲ್ಲೇ ಸೋತ. ಕುರಿಮರಿಯನ್ನು ಮಾತಾಡಿಸುವ ದನಿ ಅವಳದೇ ಆಯಿತು. ಕೊನೆಯ ಮಾತನ್ನು ಅವಳೇ ಸೇರಿಸಿದಳು: “ಎಚ್ಚರಾದಾಗ ನಾ ನಿನ್ನ ಬಾಜೂಕ ಇರ್ತೀನಿ.” ಡ್ಯೂಟಿ ಮುಗಿದಿದ್ದರೂ ಮಗು ಕಣ್ಣು ಬಿಡುವ ತನಕ ಕೂತಿರುತ್ತಿದ್ದಳು.

ಗೇಮ್ ಸರಿಮಾಡುವ ನೆಪದಲ್ಲಿ ಅವನು ಮುನಿರಾಬಾದಿನಿಂದ ದಿನಾ ಬರತೊಡಗಿದ.

“ನಿಮ್ಮ ಕುರಿಗೆ ದಿನಾ ಜ್ವರ ಬರತೈತೇನ್ರಿ?” ಎಂದು ಅವಳು ಕಾಡಿಸುತ್ತಿದ್ದಳು.

ಹೇಳಬೇಕಾದ್ದನ್ನು ಮಾತ್ರ ಅವನು ಹೇಳಲಿಲ್ಲ. ಅವಳ ಮನೆಯವರು ಹೊಲ, ಅಂಗಡಿ ಇದ್ದವರು. ಅವನ ಅಪ್ಪ ಹುಸೇನಪ್ಪ ಕೂಲಿಯವನು. ಊರ ಮಕ್ಕಳ ಅಂಜಿಕೆ ಕಳೆಯಲು ಹೊರಟ ಪುಣ್ಯಾತ್ಮ ತಾನೇ ಅಂಜಿ ಕೂತ. ಅಷ್ಟರಲ್ಲಿ ಅವಳಿಗೆ ಕುಷ್ಟಗಿಯ ಗಂಡು ಗೊತ್ತಾಯಿತು.

ಕೆಲಸ ಬಿಡುವ ದಿನ ಅವಳೇ ಅವನನ್ನು ಕರೆದಳು.

“ಕೊನೀ ಮಾತು ಅಳಸ್ರಿ. ಇನ್ನ ನಾ ಬಾಜೂಕ ಇರಂಗಿಲ್ಲ. ಕೂಸುಗಳು ಕಣ್ಣು ತೆರೆದು ನನ್ನ ಹುಡುಕತಾವ.”

“ಇರ್ಲಿ ಬಿಡ್ರಿ. ನಂಗಾದ್ರೂ ಕೇಳಾಕ ಬೇಕು.”

ಅವಳು ಒಪ್ಪಲಿಲ್ಲ. ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು, “ಎಚ್ಚರಾದಾಗ ನಿಮ್ಮವ್ವ ಬಾಜೂಕ ಇರ್ತಾಳ” ಎಂದಳು. ದನಿ ಒಡೆಯಿತು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಹೇಳಿದಳು.

“ಅಮೃತಾ, ನೀವಂದ್ರ ನಂಗ ಜೀವರಿ.”

“ಈಗ ಹೇಳತೀರಿ? ನೀವು ಒಂದು ಮಾತು ಕೇಳಿದ್ರ ಮನ್ಯಾಗ ಜಗಳಾಡಾಕ ತಯಾರಿದ್ದೆ ನಾ. ದಾರಿ ನೋಡಿ ನೋಡಿ ಸಾಕಾತು. ಈಗ ಅಪ್ಪಗ ಹ್ಞೂಂ ಅಂದೀನಿ.”

ಅವನು ಟ್ಯಾಬಿನಲ್ಲಿ ಮಲಗಿದ್ದ ಕುರಿಮರಿಯನ್ನು ನೋಡುತ್ತ ಕೇಳಿದ:

“ನೋವಾಗತೈತೇನ್ರಿ?”

“ಆಗತೈತಿ.”

“ಆಮ್ಯಾಲ?”

ಅಮೃತಾ ಬ್ಯಾಗನ್ನು ಹೆಗಲಿಗೇರಿಸಿದಳು. ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು.

“ಸುಳ್ಳು ಹೇಳಬಾರದ್ರಿ,” ಎಂದಳು.