ಅಕ್ಕ ಓದಿದ ದ್ವೀಪ

"ಈ ಪುಸ್ತಕ ಕೊಟ್ಟಿದ್ದು ನೀವೇನಾ?"

ದಪ್ಪ ರಟ್ಟಿನ ಪುಸ್ತಕವೊಂದು ತಳ್ಳುಗಾಡಿಯ ಮೇಲೆ ದೊಪ್ಪನೆ ಬಿತ್ತು. ಅವಳು ಬೆಚ್ಚಿ ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನ ಕಣ್ಣು ಕೆಂಡವಾಗಿತ್ತು. ಮೈಮೇಲೆ ಲಿಫ್ಟ್ ಕಂಪನಿಯ ನೀಲಿ ಸಮವಸ್ತ್ರ. ನಿದ್ದೆಗೆಟ್ಟ ಮುಖ. 

"ಹೌದು, ನಾನೇ. ಲೈಬ್ರರಿ ಪುಸ್ತಕ ರೀ ಅದು, ಹಾಗೆಲ್ಲ ಎಸೀಬೇಡಿ!"

"ಎಸೀಬಾರದಾ? ಇದರಲ್ಲಿ ಯಾರೋ ದ್ವೀಪದಲ್ಲಿ ಕೂತು ಎಳನೀರು ಕುಡಿಯೋದನ್ನ ಓದಿ, ನಮ್ಮಕ್ಕ ನಿನ್ನೆ ಯಾರಿಗೂ ಹೇಳದೆ ಹೋಗಿ ಎರಡು ಎಳನೀರು ಕುಡಿದು ಬಂದಿದಾಳೆ! ಕಿಡ್ನಿ ಹೋದವರಿಗೆ ಅದು ವಿಷ ಅಂತ ಆಸ್ಪತ್ರೆಲಿ ಕೆಲಸ ಮಾಡೋ ನಿಮಗೆ ಗೊತ್ತಿಲ್ವಾ? ಹೃದಯ ನಿಂತೇ ಹೋಗೋದರಲ್ಲಿತ್ತು!"



ಗೊತ್ತಿಲ್ಲದೆ ಏನು? ಅವಳ ತಾಯಿ ಇದೇ ಆಸ್ಪತ್ರೆಯ ಇದೇ ಮಹಡಿಯಲ್ಲಿ, ಇದೇ ಕಾಯಿಲೆಯಿಂದ ಕಣ್ಣು ಮುಚ್ಚಿದ್ದು. ಅದಕ್ಕೇ ಅವಳು ಇಲ್ಲಿ ಪುಸ್ತಕದ ಗಾಡಿ ತಳ್ಳುವ ಕೆಲಸ ಹಿಡಿದಿದ್ದು. ಕೆಳಗಿನ ಪುಟ್ಟ ಲೈಬ್ರರಿಯಿಂದ ಪುಸ್ತಕ ತುಂಬಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗುತ್ತಿದ್ದ ಅವಳನ್ನು ಎಲ್ಲರೂ 'ಗಾಡಿ ಮೇಡಂ' ಎಂದೇ ಕರೆಯುತ್ತಿದ್ದರು.

ಆದರೆ ಪುಸ್ತಕ ಕೊಡುವ ಮುಂಚೆ ಒಳಗೆ ಏನಿದೆ ಎಂದು ನೋಡಿರಲಿಲ್ಲ. ಅದು ನಿಜ.

"ಇನ್ಮೇಲೆ ನಮ್ಮಕ್ಕನಿಗೆ ದ್ವೀಪದ ಪುಸ್ತಕ ಕೊಡಬೇಡಿ," ಎಂದು ಅವನು ಹೊರಟುಹೋದ. ಅವಳು ಗಾಡಿಯ ಹಿಡಿಯನ್ನು ಹಿಡಿದು ಹಾಗೇ ನಿಂತಳು. *ಒಂದು ಜೀವ ತೆಗೆದುಬಿಡ್ತಿದ್ದೆನಲ್ಲಾ ನಾನು...*

ಮುಂದಿನ ಮಂಗಳವಾರ ಆ ವಾರ್ಡಿಗೆ ಕಾಲಿಡಲು ಅವಳಿಗೆ ಧೈರ್ಯವಾಗಲಿಲ್ಲ. ಬಾಗಿಲಲ್ಲೇ ಗಾಡಿ ತಿರುಗಿಸುತ್ತಿದ್ದಾಗ ಒಳಗಿನಿಂದ ಕೂಗು ಬಂತು.

"ಏ ಗಾಡಿ ಮೇಡಂ! ಕಳ್ಳಿ ಥರ ಎಲ್ಲಿಗೆ ಓಡ್ತಿದೀಯ? ಬಾ ಇಲ್ಲಿ!"

ಅಕ್ಕ. ಅವನಿಗೆ ಮಾತ್ರವಲ್ಲ, ಹನ್ನೆರಡು ಮಂಚದ ಆ ವಾರ್ಡಿಗೆಲ್ಲ ಅವಳು ಅಕ್ಕನೇ. ನಲವತ್ತು ದಾಟಿದ ಟೈಲರ್. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಎಡಗೈಗೆ ಎರಡು ಸೂಜಿ ಚುಚ್ಚಿಸಿಕೊಂಡು ರಕ್ತ ಶುದ್ಧಮಾಡುವ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಇಡೀ ದಿನಕ್ಕೆ ಕುಡಿಯಲು ಎರಡು ಲೋಟ ನೀರು. ಅಷ್ಟೆ.

"ನಮ್ಮ ಹುಡುಗ ಬೈದನಂತೆ? ತಪ್ಪು ನಂದು ಕಣೆ. ಪುಸ್ತಕ ಏನು ಬಾಯಿಗೆ ಹುಯ್ತಾ? ನೀನು ತಂದುಕೊಡು. ಮೂರು ತಿಂಗಳಲ್ಲಿ ನಾನೂ ಅವನೂ ದ್ವೀಪಕ್ಕೆ ಹೋಗ್ತಿದೀವಿ. ಟಿಕೆಟ್ ಆಗಿದೆ. ಅಲ್ಲೂ ಈ ಮೆಷಿನ್ ಇರೋ ಆಸ್ಪತ್ರೆ ಇದೆಯಂತೆ. ಹೋಗೋ ಮುಂಚೆ ಓದ್ಕೊಂಡು ಹೋಗ್ಬೇಕು. ಇಲ್ಲಾಂದ್ರೆ ಸಂತೆಗೆ ಹೋದ ಕುರುಡಿ ಥರ ಆಗುತ್ತೆ."

ಅಕ್ಕನ ಕಣ್ಣುಗಳಲ್ಲಿದ್ದ ಆಸೆಗೆ 'ಇಲ್ಲ' ಎನ್ನಲು ಅವಳ ನಾಲಿಗೆ ಏಳಲಿಲ್ಲ.

ಆ ದಿನದಿಂದ ಅವಳು ಪ್ರತಿ ಪುಸ್ತಕವನ್ನೂ ಮೊದಲು ಮನೆಗೆ ಒಯ್ದು ತಾನೇ ಓದತೊಡಗಿದಳು. ತಿನ್ನುವ, ಕುಡಿಯುವ ಮಾತು ಬಂದ ಪುಟಗಳನ್ನೆಲ್ಲ ಒಟ್ಟು ಸೇರಿಸಿ ಕ್ಲಿಪ್ ಹಾಕಿಬಿಡುತ್ತಿದ್ದಳು. ಹವಳಗಳ ಚಿತ್ರಪುಸ್ತಕಕ್ಕೆ ಒಂದೂ ಕ್ಲಿಪ್ ಬೇಕಾಗಲಿಲ್ಲ. ಆದರೆ ದೀಪಸ್ತಂಭ ಕಾಯುವ ಮುದುಕನೊಬ್ಬನ ನೆನಪುಗಳಿಗೆ ಎಷ್ಟು ಕ್ಲಿಪ್ ಬಿದ್ದವೆಂದರೆ, ಪುಸ್ತಕ ಮುಚ್ಚಲೇ ಬರದಂತಾಯಿತು.

"ಈ ಮುದುಕ ದೀಪ ಹಚ್ಚೋದಕ್ಕಿಂತ ಟೀ ಕುಡಿಯೋದೇ ಜಾಸ್ತಿ ಕಣೆ!" ಎಂದು ಅಕ್ಕ ನಕ್ಕಳು. ಅಷ್ಟು ನಕ್ಕಿದ್ದಕ್ಕೇ ಅಕ್ಕನಿಗೆ ಏದುಸಿರು ಬಂತು.

ಅಂದೇ ಅಕ್ಕನ ತಮ್ಮ ಆ ಪುಸ್ತಕ ಹಿಡಿದು ಲೈಬ್ರರಿಗೆ ಬಂದ.  *ಮತ್ತೆ ಎಸೀತಾನಾ?*

ಅವನು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಈ ಕ್ಲಿಪ್ಪೆಲ್ಲ... ನೀವು ಹಾಕಿದ್ದಾ?"

"ಹ್ಞೂಂ. ಬಾಯಾರಿಕೆ ಆಗೋ ಪುಟಗಳು."

ಅವನು ಒಂದು ಕ್ಲಿಪ್ಪನ್ನು ಬೆರಳಿನಿಂದ ಸವರಿದ. ಆಮೇಲೆ, "ಅವತ್ತು ಎಸೆದಿದ್ದು ತಪ್ಪಾಯ್ತು," ಎಂದ. ತಲೆ ತಗ್ಗಿಸಿದವನು ಎತ್ತಲೇ ಇಲ್ಲ.

ಅವತ್ತಿನಿಂದ ಅಕ್ಕ ಯಂತ್ರದ ಪಕ್ಕ ಮಲಗಿರುವಾಗ ಅವನು ಕೆಳಗಿಳಿದು ಬರುವುದು ರೂಢಿಯಾಯಿತು. ಮುಂದಿನ ಪುಸ್ತಕವನ್ನು ಇಬ್ಬರೂ ಸೇರಿ ಆರಿಸುತ್ತಿದ್ದರು. ಆಮೆಗಳದ್ದೊಂದು, ಬಿರುಗಾಳಿಯದ್ದೊಂದು, ಮೀನುಗಾರನ ಹೆಂಡತಿಯದ್ದೊಂದು. ಅವನು ಪುಟ ತಿರುವುತ್ತ, "ಇಲ್ಲಿ ಹಣ್ಣು ತಿಂತಿದಾರೆ ನೋಡಿ," ಎನ್ನುತ್ತಿದ್ದ. ಅವಳು ಕ್ಲಿಪ್ ಕೊಡುತ್ತಿದ್ದಳು.

ಅಷ್ಟೇ. ಆದರೂ ಮಂಗಳವಾರ, ಗುರುವಾರ, ಶನಿವಾರ ಬಂದರೆ ಅವಳ ಕೈ ತಾನಾಗಿಯೇ ತಲೆಗೂದಲು ಸರಿಮಾಡಿಕೊಳ್ಳುತ್ತಿತ್ತು.

ಇದೆಲ್ಲ ಒಂದೇ ಮಾತಿನಿಂದ ಮುರಿದುಬಿತ್ತು.

ಅಕ್ಕನ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಒಂದು ದಿನ ಅವರು ಗಾಡಿ ಮೇಡಂನನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ಕಲ್ಲುಗುಂಡಿನಂಥ ತಮ್ಮ ಇದಾನಲ್ಲ, ಒಂದು ಕಿಡ್ನಿ ಕೊಡಬಾರದಾ ಅಂತ ಅವಳನ್ನ ಕೇಳಿದೆ ಕಣಮ್ಮ. 'ಅವನ ಸುದ್ದಿ ಬಿಡಿ ಅಜ್ಜಿ, ಅವನಿಂದ ಆಗಲ್ಲ' ಅಂದ್ಲು. ಹೆಂಗಿದೆ ನೋಡು ಕಾಲ. ಒಡಹುಟ್ಟಿದವನು!"

ಅವಳಿಗೆ ಹಳೆಯದೆಲ್ಲ ನೆನಪಾಯಿತು.

ಅವಳ ಸೋದರಮಾವ! ಅಮ್ಮನಿಗೆ ಕಿಡ್ನಿ ಕೊಡಲು ಒಪ್ಪಿ, ಎಲ್ಲ ಪರೀಕ್ಷೆ ಆಗಿ, ಎಲ್ಲ ಹೊಂದಿ, ಆಪರೇಷನ್ನಿನ ಹಿಂದಿನ ದಿನ ಫೋನ್ ಆಫ್ ಮಾಡಿ ಕೂತಿದ್ದ. ಅಮ್ಮ ಕೊನೆಯ ದಿನದವರೆಗೂ, "ಅಣ್ಣನಿಗೆ ಏನೋ ತೊಂದರೆ ಆಗಿರ್ಬೇಕು," ಎನ್ನುತ್ತಲೇ ಇದ್ದಳು.

*ಇವನೂ ಅಂಥವನೇ! ಕ್ಲಿಪ್ ಹಾಕಿಸ್ಕೊಂಡು ನಾಟಕ ಆಡ್ತಿದ್ನಾ?*

ಮೆಟ್ಟಿಲ ಮೇಲೆ ಎದುರಾದವನನ್ನು ಅವಳು ಅಲ್ಲೇ ತಡೆದು ನಿಲ್ಲಿಸಿದಳು.

"ದೇವರು ನಿಮಗೆ ಎರಡು ಕೊಟ್ಟಿದಾನೆ. ಒಂದು ಅಕ್ಕನಿಗೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಅವರು ಸಾಯೋದನ್ನ ನೋಡ್ಕೊಂಡು ನನ್ನ ಹತ್ರ ಬಂದು ಆಮೆ ಪುಸ್ತಕ ಓದ್ತೀರಲ್ಲ... ನಾಚಿಕೆ ಆಗಲ್ವಾ ನಿಮಗೆ?"

ಅವನ ಮುಖದಿಂದ ಬಣ್ಣ ಇಳಿದುಹೋಯಿತು. 

"ಕೊಡೋಕೆ ನನ್ನ ಹತ್ರ ಏನೂ ಇಲ್ಲ," ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಮೂರು ವಾರ ಅವನು ಲೈಬ್ರರಿಯ ಕಡೆ ತಲೆ ಹಾಕಲಿಲ್ಲ. ಅವಳೂ ವಾರ್ಡಿನಲ್ಲಿ ಅವನು ಕಂಡರೆ ಮುಖ ತಿರುಗಿಸಿದಳು. ಮನಸ್ಸು ಮಾತ್ರ ಯಾಕೋ ಒದ್ದಾಡುತ್ತಲೇ ಇತ್ತು.

ಇತ್ತ ಅಕ್ಕ ದಿನೇ ದಿನೇ ಕುಸಿಯುತ್ತಿದ್ದಳು. ಕಾಲು ಊದಿತ್ತು. ಪುಸ್ತಕ ಎತ್ತಿ ಹಿಡಿಯಲು ತೋಳಿನಲ್ಲಿ ಬಲವಿರಲಿಲ್ಲ. ಒಂದು ಮಂಗಳವಾರ ಗಾಡಿ ಮೇಡಂ ತಾನೇ ಕುರ್ಚಿ ಎಳೆದುಕೊಂಡು ಓದಿ ಹೇಳಿದಳು. ಅರ್ಧ ಪುಟಕ್ಕೆ ಅಕ್ಕ ತಡೆದಳು.

"ಸಾಕು. ನನ್ನ ತಮ್ಮನ ಮೇಲೆ ನಿಂಗೇನು ಕೋಪ? ಕೇಳಿದ್ರೆ ಅವನು ಬಾಯೇ ಬಿಡ್ತಿಲ್ಲ."

"ಬೇಡ ಅಕ್ಕ, ಬಿಡಿ."

"ಸಾಯೋಳ ಹತ್ರ ಮುಚ್ಚಿಡಬಾರದು, ಹೇಳು."

ಅವಳು ಹೇಳಿದಳು. ಅಜ್ಜಿಯ ಮಾತು, ಸೋದರಮಾವನ ಕಥೆ, ಮೆಟ್ಟಿಲ ಮೇಲೆ ತಾನು ಆಡಿದ್ದು ಎಲ್ಲವನ್ನೂ.

ಅಕ್ಕ ಸೂಜಿಯಿಲ್ಲದ ಬಲಗೈಯಿಂದ ಅವಳ ಕೈ ಹಿಡಿದು, ತನ್ನ ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡಳು. ಸೀರೆಯ ಕೆಳಗೆ ಏನೋ ಗಟ್ಟಿಯಾಗಿ, ಮುಷ್ಟಿಯಷ್ಟು, ಕೈಗೆ ತಾಗಿತು.

"ಇದು ಅವನದ್ದು."

"ಅಕ್ಕಾ..."

"ಒಂಬತ್ತು ವರ್ಷದ ಹಿಂದೆ ಕೊಟ್ಟ. ಏಳು ವರ್ಷ ನಡೀತು. ಆಮೇಲೆ ನಿಂತುಹೋಯ್ತು. ನಿಂತಿದ್ದನ್ನ ತೆಗೆಯಲ್ವಂತೆ, ಒಳಗೇ ಬಿಡ್ತಾರೆ. ಇನ್ನೊಂದು ಕೊಡೋಕೆ ಅವನ ಹತ್ರ ಎಲ್ಲಿದೆ ಕಣೆ? ಅವನಿಂದ ಆಗಲ್ಲ ಅಂತ ನಾನು ಅಜ್ಜಿಗೆ ಹೇಳಿದ್ದು ಅದಕ್ಕೇ."

 *ಏನಂದುಬಿಟ್ಟೆ ನಾನು! ಯಾರಿಗೆ ಅಂದುಬಿಟ್ಟೆ!*

"'ನಾನು ಕೊಟ್ಟ ಕಿಡ್ನಿನೇ ಸರಿ ಇರ್ಲಿಲ್ಲ, ಅದಕ್ಕೇ ನಿಂತುಹೋಯ್ತು' ಅಂತ ಇವತ್ತಿಗೂ ಕೊರಗ್ತಾನೆ, ಹುಚ್ಚ. ನಮ್ಮಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನೈದು. ಹೊತ್ತು ಬೆಳೆಸಿದವಳು ನಾನು. ನನ್ನನ್ನೇ ಹೊತ್ಕೊಂಡು ಓಡಾಡಿ ಅವನು ಒಂಬತ್ತು ವರ್ಷದಿಂದ ತನಗೆ ಅಂತ ಒಂದು ದಿನ ರಜ ಹಾಕಿಲ್ಲ."

ಅಕ್ಕ ದನಿ ತಗ್ಗಿಸಿದಳು.

"ನಾನು ದ್ವೀಪಕ್ಕೆ ಹೋಗಲ್ಲ ಅಂತ ನಂಗೆ ಗೊತ್ತಿದೆ. ಹೃದಯ ಸೋತಿದೆ, ಹೆಚ್ಚು ದಿನ ಇಲ್ಲ ಅಂತ ಡಾಕ್ಟರ್ ಅವನಿಗೆ ಹೇಳ್ತಿದ್ದಾಗ ಬಾಗಿಲ ಹಿಂದೆ ನಿಂತು ಕೇಳಿದೀನಿ. ಆ ಟಿಕೆಟ್ಟು ಅವನಿಗೋಸ್ಕರ ಕಣೆ. ನಾನು ಓದ್ತಾ ಇರೋ ತನಕ ಅವನು ಕ್ಯಾನ್ಸಲ್ ಮಾಡಲ್ಲ. ಅದಕ್ಕೇ ಇಷ್ಟೊಂದು ಓದಿದ್ದು. ಇಲ್ಲಾಂದ್ರೆ ನಂಗ್ಯಾಕೆ ಬೇಕು ಆಮೆ, ಹವಳ ಎಲ್ಲ?"

ಅವಳು ಅಕ್ಕನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆ ಬಿಕ್ಕಿ ಬಿಕ್ಕಿ ಅತ್ತಳು. ಯಂತ್ರ ತನ್ನ ಪಾಡಿಗೆ ರಕ್ತ ತಿರುಗಿಸುತ್ತಿತ್ತು.

ಗುರುವಾರ ಅವನು ಬಂದ ಕೂಡಲೇ ಕಾಲು ಹಿಡಿದಾದರೂ ಕ್ಷಮೆ ಕೇಳಬೇಕು ಎಂದುಕೊಂಡಳು. ಎರಡು ದಿನ ಮಾತುಗಳನ್ನು ಜೋಡಿಸಿಕೊಂಡಳು.

ಗುರುವಾರ ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು.

"ನಿನ್ನೆ ಬೆಳಿಗ್ಗೆ," ಎಂದರು ಹಿರಿಯ ಸಿಸ್ಟರ್. "ಮನೆಯಲ್ಲೇ. ತಮ್ಮ ಕಾಫಿ ಮಾಡ್ಕೊಂಡು ಬರೋಷ್ಟರಲ್ಲಿ ಆಗಿಹೋಗಿತ್ತಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅವನ ಮನೆಯ ಬೀದಿಯ ತುದಿಯವರೆಗೆ ಹೋದಳು. ಬಾಗಿಲಲ್ಲಿ ಜನ ನಿಂತಿದ್ದರು. ಅವರ ನಡುವೆ ನೀಲಿ ಅಂಗಿಯ ಅವನ ಬೆನ್ನು ಕಂಡಿತು. ಒಂದು ಹೆಜ್ಜೆ ಮುಂದಿಡಲಾಗದೆ ಹಿಂದಿರುಗಿದಳು. *ಯಾವ ಮುಖ ಹೊತ್ಕೊಂಡು ಹೋಗಲಿ?*

ಮೂರು ವಾರ ಕಳೆಯಿತು.  ಕೊನೆಗೊಂದು ದಿನ ಗಟ್ಟಿ ಮನಸ್ಸು ಮಾಡಿ ಲಿಫ್ಟ್ ಕಂಪನಿಯ ಆಫೀಸಿಗೆ ಹೋದಳು.

"ಅವನಾ? ರಜದ ಮೇಲಿದಾನೆ," ಎಂದರು ಅಲ್ಲಿನ ಸೂಪರ್‌ವೈಸರ್. "ಯಾವುದೋ ದ್ವೀಪಕ್ಕೆ ಹೋಗಿದಾನೆ. ನಮಗೇ ಆಶ್ಚರ್ಯ!"

ಹೋಗಿದ್ದಾನೆ. ಅಕ್ಕ ಗೆದ್ದಳು. ಅವಳಿಗೆ ಅಳು, ಸಮಾಧಾನ ಎರಡೂ ಒಟ್ಟಿಗೇ ಬಂದವು.

ಹತ್ತು ದಿನ ಬಿಟ್ಟು ಮತ್ತೆ ಹೋದಾಗ, ಪೇಟೆಯ ನಡುವಿನ ಎಂಟು ಮಹಡಿಯ ಕಟ್ಟಡವೊಂದರ ವಿಳಾಸ ಕೊಟ್ಟರು. ಅವನು ರಿಪೇರಿ ಮಾಡುತ್ತಿದ್ದುದರಿಂದ ಲಿಫ್ಟ್ ನಿಂತಿತ್ತು. ಅವಳು ಎಂಟೂ ಮಹಡಿ ಹತ್ತಿದಳು. ಮೇಲಿನ ಮೋಟಾರ್ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಜೋಡಿಸಿಟ್ಟ ಮಾತೆಲ್ಲ ಏದುಸಿರಿನಲ್ಲಿ ಕೊಚ್ಚಿಹೋಗಿತ್ತು.

ಅವನು ಸ್ಪ್ಯಾನರ್ ಹಿಡಿದು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕೆನ್ನೆ ಒಳಗಿಳಿದಿತ್ತು.

"ನೀವಾ? ಎಂಟು ಮಹಡಿ..."

"ತಪ್ಪಾಯ್ತು," ಎಂದಳು ಅವಳು. "ನಾನು ಆಡಬಾರದ ಮಾತು ಆಡಿದೆ. ಅಕ್ಕ ಹೇಳಿದ್ರು. ನಿಮ್ಮದು... ಅವರ ಹೊಟ್ಟೆ ಮೇಲೆ ನನ್ನ ಕೈ ಇಡಿಸಿದ್ರು... ತಪ್ಪಾಯ್ತು ರೀ."

 ಅವನು ಕುಡಿಯುವ ನೀರಿನ ಬಾಟಲಿ ಕೊಟ್ಟು, ತಾನು ಕೂತಿದ್ದ ಮರದ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ.

ಅವಳು ನೀರು ಕುಡಿದು ಕೇಳಿದಳು, "ಹೇಗಿತ್ತು, ದ್ವೀಪ?"

"ಪುಸ್ತಕದಲ್ಲಿದ್ದ ಹಾಗೆ ಇರ್ಲಿಲ್ಲ. ಮೂರು ದಿನ ಬಿಡದೆ ಮಳೆ. ಕಿಟಕಿ ತೆಗೆದ್ರೆ ಒಂದು ನೀರಿನ ಟ್ಯಾಂಕ್ ಕಾಣ್ತಿತ್ತು, ಅಷ್ಟೆ. ಪಕ್ಕದ ಹಾಸಿಗೆ ಖಾಲಿ. ವಾಪಸ್ ಬಂದುಬಿಡೋಣ ಅನ್ಕೊಂಡೆ." ಅವನು ಸ್ಪ್ಯಾನರ್ ಕೆಳಗಿಟ್ಟ. "ನಾಲ್ಕನೇ ದಿನ ದಂಡೆಗೆ ಹೋದೆ. ಒಂದು ಮುದಿ ಆಮೆ ಮರಳು ಹತ್ತೋಕೆ ಒದ್ದಾಡ್ತಿತ್ತು. ನೋಡಿದ ತಕ್ಷಣ ಅಕ್ಕಂಗೆ ಹೇಳ್ಬೇಕು ಅನ್ನಿಸ್ಬೇಕಿತ್ತು ಅಲ್ವಾ?"

ಅವಳು ಬಾಟಲಿ ಕೆಳಗಿಟ್ಟಳು.

"ಅನ್ನಿಸಿದ್ದು ನಿಮಗೆ ಹೇಳ್ಬೇಕು ಅಂತ. ಅಕ್ಕ ಹೋಗಿ ತಿಂಗಳೂ ಆಗಿರ್ಲಿಲ್ಲ. ಅಷ್ಟು ಬೈಸ್ಕೊಂಡಿದ್ದೆ ಬೇರೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಲ್ಲೇ ಮರಳಲ್ಲಿ ಕೂತು ಅತ್ತುಬಿಟ್ಟೆ. ಅಲ್ಲಿಯ ತನಕ ಅತ್ತಿರ್ಲಿಲ್ಲ ನಾನು."

"ಅವತ್ತೇ ಮೆಟ್ಟಿಲ ಮೇಲೆ ನಿಜ ಹೇಳಿದ್ರೆ ನಾನು..."

"ಕೊಟ್ಟಿದ್ದು ಕೆಟ್ಟುಹೋಯ್ತು ಅಂತ ಹೇಗೆ ಹೇಳ್ಲಿ? ಬಾಯಿ ಬರ್ಲಿಲ್ಲ."

ಕೆಳಗೆ ಯಾವುದೋ ಮಹಡಿಯಲ್ಲಿ ಯಾರೋ ಲಿಫ್ಟಿಗಾಗಿ ಬಾಗಿಲು ಬಡಿಯುತ್ತಿದ್ದರು. ಇಬ್ಬರೂ ಕದಲಲಿಲ್ಲ.

"ಮಂಗಳವಾರ, ಗುರುವಾರ, ಶನಿವಾರ ಬಂದ್ರೆ ಬಾಗಿಲು ನೋಡ್ತಾ ಇದ್ದೆ," ಎಂದಳು ಅವಳು, ತಲೆ ತಗ್ಗಿಸಿ. "ನಿಮ್ಮ ಮೇಲೆ ಕೋಪ ಇದ್ದಾಗಲೂ ನೋಡ್ತಾ ಇದ್ದೆ. ನನಗೆ ನೀವು ಬೇಕು. ಆದ್ರೆ ನನ್ನ ಬಾಯಿ ಕೆಟ್ಟದ್ದು. ಇನ್ನೊಂದು ದಿನ ಮತ್ತೇನಾದ್ರೂ ಅಂದುಬಿಡ್ತೀನಿ."

"ಅನ್ನಿ."

"ನೀವು ಮತ್ತೆ ಸುಮ್ಮನೆ ಮೆಟ್ಟಿಲಿಳಿದು ಹೋಗ್ತೀರ."

 ಅವನು ಬಂದು ಅವಳ ಪಕ್ಕ, ನೆಲದ ಮೇಲೆಯೇ ಕೂತ.

"ಇಲ್ಲ. ಈ ಸಲ ಉತ್ತರ ಕೊಡ್ತೀನಿ. ನೀವು ಕೇಳಿಸ್ಕೊಳ್ಳೋ ತನಕ ಅಲ್ಲೇ ನಿಂತಿರ್ತೀನಿ."

"ಎಷ್ಟು ಹೊತ್ತಾದ್ರೂ?"

"ಎಷ್ಟು ಹೊತ್ತಾದ್ರೂ."