ಅಂಚಿನಲ್ಲಿ ನಿಂತವಳು

“ರೀ ನೀಲಿ ಅಂಗಿ! ಏಳ್ರೀ ಅಲ್ಲಿಂದ! ನನ್ನ ಫ್ರೇಮೊಳಗೇ ಬಂದು ಕೂತ್ರೆ ಆಟ ತೆಗೀಲಾ, ನಿಮ್ಮನ್ನ ತೆಗೀಲಾ?”

ಮೈದಾನದ ಆಚೆ ಬದಿಯಿಂದ ಆ ಕೂಗು ಬಂದಾಗ ಬದಲಿ ಆಟಗಾರರ ಬೆಂಚು ಪೂರ್ತಿ ಅವಳತ್ತ ತಿರುಗಿತು. ಯಾರೋ ಕಿಸಕ್ಕನೆ ನಕ್ಕರು.

ಅವಳಿಗೆ ಕಿವಿಯ ತುದಿವರೆಗೂ ಬಿಸಿಯೇರಿತು. ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಫೋಟೋಗಳ ಮೊಡವೆ ಅಳಿಸುತ್ತಿದ್ದವಳನ್ನು ಯಜಮಾನರು ಅಂದೇ ಮೊದಲ ಸಲ ಫುಟ್‌ಬಾಲ್ ಲೀಗಿಗೆ ಕಳಿಸಿದ್ದರು. ಬಂದು ಇನ್ನೂ ಬ್ಯಾಗ್ ಇಳಿಸಿಲ್ಲ, ಆಗಲೇ ಮಾನ ಹರಾಜು!

ಬಗ್ಗಿಕೊಂಡೇ ಎದ್ದು ದೂರ ಸರಿದಳು.

ಆಟ ಮುಗಿದ ಮೇಲೆ ಕೂಗಿದವನೇ ಹುಡುಕಿಕೊಂಡು ಬಂದ. ಯಜಮಾನರಿಗೆ ಲೀಗಿನ ಆಟಗಳ ಫೋಟೋ ತೆಗೆದುಕೊಡುವವನಂತೆ. ಉದ್ದ ಕಾಲು, ಬಾಗಿದ ಕುತ್ತಿಗೆ. ಲೆನ್ಸ್ ಒರೆಸುತ್ತಾ ಒಂದು ಪಾದವನ್ನು ಇನ್ನೊಂದು ಕಾಲಿಗೆ ಆನಿಸಿ ನಿಂತ. ಥೇಟ್ ಕೊಕ್ಕರೆ!

“ಬೇಜಾರಾಯ್ತಾ?”

“ಇಲ್ಲ. ಕಿವಿ ಕಿವುಡಾಯ್ತು.”

ಅವನು ಗೊಳ್ಳೆಂದು ನಕ್ಕುಬಿಟ್ಟ. ಸ್ನೇಹ ಶುರುವಾಗಿದ್ದು ಅಲ್ಲಿಂದ.

ಭಾನುವಾರ ಇಬ್ಬರೂ ಮೈದಾನದಲ್ಲಿ. ಅವನು ಉದ್ದ ಲೆನ್ಸ್ ಹಿಡಿದು ಕಾರ್ನರ್ ಬಾವುಟದ ಬಳಿ ಮಲಗಿ ಆಟ ಹಿಡಿಯುತ್ತಿದ್ದ. ಅವಳು ಎದುರು ಬದಿಯಲ್ಲಿ ಚಿಕ್ಕ ಲೆನ್ಸ್ ಹಿಡಿದು ಬೈಯುವ ಕೋಚನ್ನೂ ಉಗುರು ಕಚ್ಚುವ ತಾಯಂದಿರನ್ನೂ ತೆಗೆಯುತ್ತಿದ್ದಳು. ಸೋಮವಾರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮಾನಿಟರ್. ಆರಿಸುವುದು, ವಾಲಿದ ಮೈದಾನ ನೇರ ಮಾಡುವುದು, ಬಣ್ಣ ತಿದ್ದುವುದು, ಅಂಚು ಕತ್ತರಿಸುವುದು ಅವಳ ಕೆಲಸ. ಪಕ್ಕದಲ್ಲಿ ಕೂತು ಗೊಣಗುವುದು ಅವನದು.

“ಅಯ್ಯೋ ಕತ್ತರಿ! ಆ ಮರ ಇದ್ರೆ ನಿಂಗೇನೇ ಕಷ್ಟ?”

“ಮರ ಗೋಲ್ ಹೊಡೀತಾ? ಇಲ್ಲ ಅಲ್ವಾ? ಹಾಗಾದ್ರೆ ಕಸ.”

“ನಿನ್ನ ಕೈಗೆ ಸಿಕ್ಕಿದ್ರೆ ಚೆಂಡನ್ನೂ ಕತ್ತರಿಸ್ತೀಯ ಬಿಡು.”

ಅವಳು ನಗುತ್ತಿದ್ದಳು. ವಾರದಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದದ್ದು ಆ ಕುರ್ಚಿಯಲ್ಲಿ ಮಾತ್ರ.

ಮನೆ ಅಣ್ಣನದು. ಅವಳ ಕೋಣೆಯಲ್ಲಿ ಅರ್ಧ ಅವಳು, ಇನ್ನರ್ಧ ಬಟ್ಟೆ ಒಗೆಯುವ ಮೆಷಿನ್ನು. ಸಂಜೆ ಬಾಗಿಲು ತೆಗೆದರೆ ಅಣ್ಣ ಫೋನಿನಿಂದ ತಲೆಯೆತ್ತದೆ “ಬಂದ್ಯಾ?” ಅನ್ನುತ್ತಿದ್ದ. “ಬಂದೆ” ಅನ್ನುತ್ತಿದ್ದಳು. ಅಷ್ಟಕ್ಕೆ ಆ ದಿನದ ಮಾತು ಮುಗಿಯುತ್ತಿತ್ತು. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಕಷ್ಟ ಇದ್ದದ್ದೇ ಅಲ್ಲಿ; ದೂರೋಣವೆಂದರೂ ಯಾರೂ ಸಿಗುತ್ತಿರಲಿಲ್ಲ.

ಆ ಕೊಕ್ಕರೆಯನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಹೇಳುವ ಯೋಚನೆ ಮಾತ್ರ ಇರಲಿಲ್ಲ. ಹೇಳಿ, ಅವನು ಒಲ್ಲೆನೆಂದು, ಪಕ್ಕದ ಕುರ್ಚಿಯೂ ಖಾಲಿಯಾದರೆ...? ಇರುವುದೇ ಅದೊಂದು!

ಸೀಸನ್ ಅರ್ಧ ದಾಟಿದ ಮೇಲೆ ಒಂದು ಸೋಮವಾರ ಅವನ ಫೋಟೋವೊಂದನ್ನು ತೆರೆದಳು. ನಡುವೆ ಚೆಂಡಿಗಾಗಿ ಹಾರಿದ ಇಬ್ಬರು ಆಟಗಾರರು. ಎಡ ಅಂಚಿನಲ್ಲಿ, ದೂರದಲ್ಲಿ, ಮಸುಕಾಗಿ ಅವಳೇ!

*ಮತ್ತೆ ಅಡ್ಡ ಬಂದೆನಾ?* ಮೊದಲ ದಿನದ ಕೂಗು ಕಿವಿಯಲ್ಲಿ ಮೊಳಗಿತು. ಅವನು ಬೈಯುವ ಮೊದಲೇ ಸರಕ್ಕನೆ ಅಂಚು ಕತ್ತರಿಸಿದಳು.

“ಪಕ್ಕದಲ್ಲಿ ಸ್ವಲ್ಪ ಕಸ ಇತ್ತು,” ಅಂದಳು, ಮುಖ ತಿರುಗಿಸದೆ.

ಅವನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ.

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ. ಅವಳು ಬೆಂಚಿನ ಹಿಂದೆ ನಿಂತು ನೋಡಿದಳು, ಕೊನೆಗೆ ಗೋಲಿನ ಬಲೆಯ ಹಿಂದೆ ಹೋಗಿ ಅವಿತಳು. ಎಲ್ಲಿ ಹೋದರೂ ಅವನ ಫೋಟೋದ ಯಾವುದೋ ಮೂಲೆಯಲ್ಲಿ ಅವಳಿದ್ದಳು. *ಇಷ್ಟು ದಡ್ಡಿಯಾ ನಾನು? ನಿಲ್ಲೋದಕ್ಕೂ ಬರಲ್ವಾ?* ನಾಚಿಕೆಯಿಂದ ಪ್ರತಿಸಲವೂ ಕತ್ತರಿಸಿದಳು.

ಅವನ ಗೊಣಗಾಟ ನಿಂತಿತು. ಆಮೇಲೆ ಅವನು ಕೂರುವುದೂ ನಿಂತಿತು. ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟು, “ಅರ್ಜೆಂಟ್ ಕೆಲಸ ಇದೆ. ನೀವು ನೋಡ್ಕೊಂಡ್ಬಿಡಿ,” ಎಂದು ಹೊರಟುಬಿಡುತ್ತಿದ್ದ.

ನೀವು! ಕತ್ತರಿ ಅಲ್ಲ, ನೀನು ಅಲ್ಲ... ನೀವು.

ಖಾಲಿ ಕುರ್ಚಿಯ ಮೇಲೆ ಅವಳು ಬ್ಯಾಗ್ ಇಡತೊಡಗಿದಳು, ಖಾಲಿ ಕಾಣದಿರಲಿ ಎಂದು. ಬ್ಯಾಗ್ ಮಾತಾಡುತ್ತದೆಯೇ?

“ಯಾಕೇ, ಊಟ ಸೇರ್ತಿಲ್ವಾ?” ಅತ್ತಿಗೆ ಒಂದು ದಿನ ಕೇಳಿಯೇಬಿಟ್ಟಳು.

“ಹಸಿವಿಲ್ಲ ಅತ್ತಿಗೆ.”

“ಈ ವಯಸ್ಸಲ್ಲಿ ಹಸಿವಿಲ್ಲ ಅಂದ್ರೆ ಅದಕ್ಕೊಂದು ಹೆಸರಿರುತ್ತೆ ಕಣೇ. ಇದ್ರೆ ಹೇಳು. ಇಲ್ದಿದ್ರೆ ತಟ್ಟೆ ತೊಳ್ದಿಡು.”

ಅವಳು ತಟ್ಟೆ ತೊಳೆದಿಟ್ಟಳು.

ಫೈನಲ್ ಮುಗಿದ ಮರುದಿನ ಯಜಮಾನರು ಕೋಣೆಯ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಂತರು.

“ಮುಂದಿನ ಸೀಸನ್‌ಗೆ ಅವನಿಗೆ ಬೇರೆ ಎಡಿಟರ್ ಬೇಕಂತೆ ಕಣಮ್ಮ. ಯಾಕೋ ಅಂದ್ರೆ, ‘ಅವರ ಕೆಲಸ ಚೆನ್ನಾಗೇ ಇದೆ’ ಅಂತಾನೆ. ಚೆನ್ನಾಗಿದ್ರೆ ಯಾಕೋ ಬೇಡ ಅಂದ್ರೆ ಬಾಯೇ ಬಿಡಲ್ಲ. ಜಗಳ ಆಡಿದ್ರಾ?”

“ಇಲ್ಲ ಸರ್.”

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಮುಖ ತೊಳೆದು ಬಂದು ಮತ್ತೆ ಕೂತಳು. ಸಂಜೆಯೊಳಗೆ ಲೀಗಿನವರಿಗೆ ಫೋಟೋ ಹೋಗಬೇಕಿತ್ತು. ಮನಸ್ಸು ಮುರಿದಿದೆ ಎಂದರೆ ಅವರು ಕೇಳುತ್ತಾರೆಯೇ?

ಫೈನಲ್‌ನಲ್ಲಿ ಬಿದ್ದದ್ದು ಒಂದೇ ಗೋಲು. ಅದನ್ನು ಹುಡುಕಿದಳು. ಇಲ್ಲ. ಇನ್ನೊಮ್ಮೆ ಹುಡುಕಿದಳು. ಇಲ್ಲ! ಗೋಲು ಬಿದ್ದ ಹೊತ್ತಿಗೆ ಅವನ ಕ್ಯಾಮೆರಾ ಮೈದಾನದ ಇನ್ನೊಂದು ತುದಿಗೆ ತಿರುಗಿತ್ತು. ಸಾಲಾಗಿ ಫೋಟೋಗಳು: ಮುಂದೆ ಮಸುಕು ಗೋಲ್‌ಕೀಪರ್, ಮಸುಕು ಬಲೆ... ಹಿಂದೆ ಅವಳು. ಗಾಳಿಗೆ ಹಾರಿದ ಕೂದಲಿನ ಎಳೆಯೂ ಎಣಿಸುವಷ್ಟು ಸ್ಪಷ್ಟ!

ಅವಳಿಗೆ ಬಂದದ್ದು ಕೋಪ. ತನ್ನ ಮೇಲಿನ ಸಿಟ್ಟಿಗೆ ಇಡೀ ಫೈನಲ್ ಹಾಳು ಮಾಡಿದನೇ?

ಫೋನ್ ಮಾಡಿದಳು. “ಸ್ಟುಡಿಯೋಗೆ ಬನ್ನಿ. ಈಗಲೇ!”

ಅವನು ಬಂದ. ಕೂರಲಿಲ್ಲ.

“ಗೋಲ್ ಎಲ್ಲಿ?”

“ಸಿಗ್ಲಿಲ್ಲ.”

“ಸಿಗ್ಲಿಲ್ವಾ! ಬೇಡ ಅಂತ ಬಿಟ್ರಾ? ನೋಡಿ ಇಲ್ಲಿ, ಒಂದಲ್ಲ ಎರಡಲ್ಲ, ಎಲ್ಲದರಲ್ಲೂ ಫೋಕಸ್ ತಪ್ಪಿದೆ!”

ಅವನು ಪರದೆ ನೋಡಿದ.

“ತಪ್ಪಿಲ್ಲ,” ಅಂದ.

ಅವಳು ಅವನತ್ತ ತಿರುಗಿದಳು.

“ಸೀಸನ್ ಮುಗೀತಿತ್ತು. ಕೊನೇ ಸಲ ಸರಿಯಾಗಿ ನೋಡ್ಕೊಳ್ಳೋಣ ಅಂತ ತಿರುಗಿಸ್ದೆ. ಆ ಕಡೆ ಅದೇ ಹೊತ್ತಿಗೆ ಗೋಲ್ ಹೊಡೀತಾರೆ ಅಂತ ನಂಗೇನು ಗೊತ್ತು?”

“ಆದ್ರೆ... ನಾನು ಅಡ್ಡ ಬರ್ತಿದೀನಿ ಅಂತ ನಿಮಗೆ ಸಿಟ್ಟು ಅಂದ್ಕೊಂಡೆ. ಪ್ರತಿವಾರ ಬರ್ತಿದ್ದೆ...”

“ಬರ್ತಿರ್ಲಿಲ್ಲ. ನಾನು ಬರಿಸ್ತಿದ್ದೆ.” ಅವನ ದನಿ ಒರಟಾಗಿತ್ತು. “ಮಣ್ಣಲ್ಲಿ ಹೊರಳಾಡಿ ನಿನ್ನನ್ನ ಮೂಲೇಲಿ ಸೇರಿಸ್ಕೊಳ್ತಿದ್ದೆ. ಎಡಿಟ್ ಮಾಡೋವಾಗ ನೋಡ್ತೀಯ, ಒಂದು ಮಾತಾದ್ರೂ ಕೇಳ್ತೀಯ ಅಂತ. ನೀನು ಪಕ್ಕದಲ್ಲಿ ನಾನಿರೋವಾಗ್ಲೇ ಕತ್ತರಿಸ್ದೆ. ಪ್ರತಿಸಲ. ಅದೇ ಉತ್ತರ ಅಂದ್ಕೊಂಡೆ.”

“ಉತ್ತರಾನಾ? ಪ್ರಶ್ನೆ ಯಾವಾಗ ಕೇಳಿದ್ರಿ? ಬಾಯಿ ಇರ್ಲಿಲ್ವಾ?”

“ಇತ್ತು. ಮೊದಲ್ನೇ ದಿನ ಬಾಯಿ ಬಿಟ್ಟಿದ್ದಕ್ಕೆ ನಿನ್ನ ಮುಖ ಹೇಗಾಗಿತ್ತು ಅಂತ ನೋಡಿದ್ನಲ್ಲ. ಆಮೇಲೆ ಧೈರ್ಯ ಬರ್ಲಿಲ್ಲ.”

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ.

“ಅದನ್ನ ಕಸ ಅಂದ್ಯಲ್ಲ ನೀನು,” ಅವನು ಮೆಲ್ಲಗೆ ಅಂದ. “ಮನೆಗೆ ಹೋಗಿ ನಿದ್ದೆ ಬರ್ಲಿಲ್ಲ.”

“ನಾನು ಕಸ ಅಂದಿದ್ದು ನನ್ನನ್ನೇ,” ಅಂದಳು ಅವಳು. “ನಾನಿರೋ ಫೋಟೋ ಯಾರಿಗಾದ್ರೂ ಬೇಕಾಗುತ್ತೆ ಅಂತ... ತಲೆಗೇ ಬರ್ಲಿಲ್ಲ ನಂಗೆ. ನಿಜವಾಗ್ಲೂ.”

ಅವನು ಕುರ್ಚಿಯ ಮೇಲಿದ್ದ ಬ್ಯಾಗನ್ನು ಎತ್ತಿ ನೆಲಕ್ಕಿಟ್ಟ. ಕೂತ.

“ಈಗ ಬಂತಾ?”

“ಬಂತು.”

“ಮತ್ತೆ?”

“ಮತ್ತೇನು? ನಂಗೂ ಇಷ್ಟ. ಆವಾಗ್ಲಿಂದ್ಲೇ. ಹೇಳಿದ್ರೆ ನೀನೂ ಇರಲ್ಲ ಅನ್ನೋ ಭಯಕ್ಕೆ ಸುಮ್ನಿದ್ದೆ.”

ಹೇಳಿದ ಮೇಲೆ ಕೋಣೆ ಕುಸಿಯಲಿಲ್ಲ. ಹೊರಗೆ ಯಜಮಾನರು ಯಾರಿಗೋ “ಗದ್ದ ಮೇಲೆ, ನಗಬೇಡಿ” ಅನ್ನುತ್ತಿದ್ದರು. ಇಬ್ಬರೂ ನಗು ತಡೆದುಕೊಂಡರು.

“ಯಜಮಾನರು ಗೋಲ್ ಕೇಳಿದ್ರೆ?” ಅವಳು ಪಿಸುಗುಟ್ಟಿದಳು.

“ನಿಜ ಹೇಳ್ತೀನಿ.”

“ಚರ್ಮ ಸುಲೀತಾರೆ!”

ಅವಳು ತನ್ನ ಕಾರ್ಡ್ ತೆರೆದಳು. ದೂರದಲ್ಲಿ ತನ್ನವರು ಗೋಲು ಹೊಡೆದದ್ದನ್ನು ಕಂಡು ಒಬ್ಬನೇ ಕುಣಿಯುತ್ತಿದ್ದ ಗೋಲ್‌ಕೀಪರ್ ಅಲ್ಲಿದ್ದ. ಅವನನ್ನು ಅಪ್ಪಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ. ಗೋಲಿನ ಬದಲು ಅದನ್ನೇ ಕಳಿಸಿದರು. ಬೈಗುಳ ಆಮೇಲೆ ಬಂತು, ಸರಿಯಾಗಿಯೇ ಬಂತು. ಇಬ್ಬರೂ ತಲೆ ತಗ್ಗಿಸಿ ತಿಂದರು.

ಬೀದಿಗಿಳಿದಾಗ ಬಿಸಿಲಿನ್ನೂ ಇತ್ತು.

“ಮುಂದಿನ ಭಾನುವಾರ ಮ್ಯಾಚ್ ಇಲ್ಲ,” ಅಂದ ಅವನು.

“ಗೊತ್ತು.” ಆ ಖಾಲಿ ಭಾನುವಾರಕ್ಕೆ ಅವಳು ತಿಂಗಳಿಂದ ಹೆದರಿದ್ದಳು.

“ಆದ್ರೂ ಬರ್ತೀಯಾ?”

“ಎಲ್ಲಿಗೆ?”

“ಗೊತ್ತಿಲ್ಲ. ಸುಮ್ನೆ ನಡೆಯೋಣ. ಕ್ಯಾಮೆರಾ ತರೋದು ಬೇಡ.”

“ಕ್ಯಾಮೆರಾ ಇಲ್ದೆ ನಂಗೆ ಕೈ ಎಲ್ಲಿಟ್ಕೋಬೇಕು ಅಂತಾನೇ ತಿಳಿಯಲ್ಲ ಕೊಕ್ಕರೆ.”

ಅವನು ಅತ್ತಿತ್ತ ನೋಡಿ ತನ್ನ ಕೈ ಚಾಚಿದ. ಅಂಗೈ ಭಯಕ್ಕೆ ಬೆವೆತು ತಣ್ಣಗಾಗಿತ್ತು.

“ಥೂ, ಒದ್ದೆ!” ಅಂದಳು ಅವಳು.

“ಬಿಡ್ಲಾ?”

“ಬಿಟ್ರೆ ನೋಡು!”