ಆಲಿಕೆಯಲ್ಲಿ ನಿಂತ ಗಂಜಿ

ದೊಡ್ಡವ್ವನ ಗಂಟಲಲ್ಲಿ ಗಡ್ಡೆ ಬೆಳೆದು ನೀರೂ ಇಳಿಯದಾದಾಗ, ಮಡಿಕೇರಿಯ ಬಿಳಿ ದೊರೆ ಡಾಕ್ಟರು ಹೊಟ್ಟೆಗೇ ರಬ್ಬರು ಕೊಳವೆ ಹಾಕಿದರು. ಅದಕ್ಕೆ ಆಲಿಕೆ ಸಿಕ್ಕಿಸಿ ತೆಳು ಗಂಜಿ ಹೊಯ್ಯುವುದು ನನ್ನ ಕೆಲಸ. ಹೊಟ್ಟೆ ತುಂಬಿದ್ದರೆ ಗಂಜಿ ಇಳಿಯದೆ ನಿಲ್ಲುತ್ತದೆ ಎಂದಿದ್ದರು. ಒಮ್ಮೆಯೂ ನಿಂತಿರಲಿಲ್ಲ. ದೊಡ್ಡವ್ವ ಸೊರಗುತ್ತಲೇ ಹೋದರು.

"ಹಸುವಿಗೆ ಕಲಗಚ್ಚು ಹೊಯ್ದ ಹಾಗೆ ಹೊಯ್ತೀಯಲ್ಲ ಕುಂಞಿ," ಎಂದು ಕ್ಷೀಣವಾಗಿ ನಗುತ್ತಿದ್ದರು. "ಒಂದು ಸಲ ರುಚಿ ಸಿಕ್ಕಿದ್ರೆ ಸಾಕಿತ್ತು."

ಮನೆಯ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ದಿನ ಬಂತು. ಕೋಳಿಸಾರು ಮಾಡಿದವಳು ನಾನೇ. ಎಡೆಗೆ ಮೊದಲು ರುಚಿ ನೋಡುವಂತಿಲ್ಲ. ದೀಪದ ಮುಂದೆ ಬಾಳೆಎಲೆಯಲ್ಲಿ ರೊಟ್ಟಿ, ಸಾರು ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ನಾನು ಬಿಸಿ ಗಂಜಿ ಹಿಡಿದು ದೊಡ್ಡವ್ವನ ಕೋಣೆಗೆ ಹೋದೆ. ಅಲ್ಲಿ ವಿಪರೀತ ಚಳಿಯಿತ್ತು. ಬೆಳಗಿನಿಂದ ಅವರಿಗೆ ಏನೂ ಹಾಕಿರಲಿಲ್ಲ. ಆದರೂ ಗಂಜಿ ಆಲಿಕೆಯಲ್ಲೇ ನಿಂತಿತು.

"ಸಾಕು ಕುಂಞಿ, ನನ್ನ ಊಟ ಆಯ್ತು. ಅವ್ವ ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದ್ರು," ಎಂದರು ದೊಡ್ಡವ್ವ. ಅವರ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. "ಸಾರಿಗೆ ಉಪ್ಪು ಮಾತ್ರ ಕಡಿಮೆ ಹಾಕಿದ್ದೀಯ."

ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿದೆ. ಉಪ್ಪು ಕಡಿಮೆಯೇ ಇತ್ತು. ಆಮೇಲೆ ಆಲಿಕೆ ತೊಳೆಯುವಾಗ ಅದರ ಒಳಗಿನಿಂದ ಬೆರಳಿಗೆ ಕೋಳಿಸಾರಿನ ಜಿಡ್ಡು ಹತ್ತಿತು.